ಕರತಾಡನದಿಂದ ಹೊಟ್ಟೆ ತುಂಬೀತೆ?

ಆಟಗಾರನೊಬ್ಬ ಗೆದ್ದು ಬಂದ ದಿವಸ ಅವನ ಕೊರಳಿಗೆ ಹಾರ ಹಾಕುವುದಕ್ಕೆ ನಮ್ಮಲ್ಲಿ ಜನರ ಕೊರತೆಯಿಲ್ಲ. ತೆರೆದ ಜೀಪು ಬರುತ್ತದೆ, ತಮಟೆ ಬರುತ್ತದೆ, ಊರಬಾಗಿಲಿನಲ್ಲಿ ಆಳೆತ್ತರದ ಚಿತ್ರಪಟ ನಿಲ್ಲುತ್ತದೆ. ಆ ಹಾರ ಬಾಡಿದ ಮೇಲೆ ಅವನು ಏನು ಮಾಡಿಕೊಂಡಿದ್ದಾನೆ, ಅವನ ಮನೆಯ ಒಲೆ ಹೇಗೆ ಉರಿಯುತ್ತಿದೆ ಎಂದು ವಿಚಾರಿಸುವುದಕ್ಕೆ ಮಾತ್ರ ಯಾರಿಗೂ ಪುರಸತ್ತಿಲ್ಲ. ಆಟವನ್ನೇ ನೆಚ್ಚಿ ಬದುಕಲು ಹೊರಟ ತರುಣ ತರುಣಿಯರ ಈ ಪಾಡನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ದೊಡ್ಡ ಆಟಗಾರನೇನೂ ಅಲ್ಲ. ಕಾಲೇಜಿನ ಖೋ ಖೋ ತಂಡದಲ್ಲಿ ಮೂರು ವರ್ಷ ಓಡಿದವನು, ಬಹಳ ಸಲ ಬೇಗನೆ ಔಟಾದವನು. ಆದರೆ ನನಗಿಂತ ಎಷ್ಟೋ ಮೇಲಾಗಿ ಓಡಬಲ್ಲವರು ನಡುದಾರಿಯಲ್ಲಿ ನಿಂತುಬಿಟ್ಟುದನ್ನು ಹತ್ತಿರದಿಂದ ಕಂಡಿದ್ದೇನೆ. ಮಾತನಾಡಲು ನನಗಿರುವ ಅಧಿಕಾರ ಅಷ್ಟೇ.

೨೦೨೫ನೆಯ ಇಸವಿ ಜನವರಿ ೧೩ರಿಂದ ೧೯ರವರೆಗೆ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಖೋ ಖೋ ಆಟದ ಪ್ರಥಮ ವಿಶ್ವಕಪ್ ಪಂದ್ಯಗಳು ನಡೆದವು. ಪುರುಷರ ಅಂತಿಮ ಪಂದ್ಯದಲ್ಲಿ ಭಾರತವು ನೇಪಾಳವನ್ನು ೫೪–೩೬ ಅಂಕಗಳಿಂದಲೂ, ಮಹಿಳೆಯರ ಅಂತಿಮ ಪಂದ್ಯದಲ್ಲಿ ಅದೇ ನೇಪಾಳವನ್ನು ೭೮–೪೦ ಅಂಕಗಳಿಂದಲೂ ಸೋಲಿಸಿ ಎರಡು ಕಪ್ಪುಗಳನ್ನೂ ಗೆದ್ದುಕೊಂಡಿತು. ಗೆದ್ದ ಪುರುಷರ ತಂಡದಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಎಂ. ಕೆ. ಗೌತಮ್ ಇದ್ದರು. ಮಹಿಳೆಯರ ತಂಡದಲ್ಲಿ ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ಅಂತಿಮ ಪಂದ್ಯದ ಅತ್ಯುತ್ತಮ ಆಟಗಾರ್ತಿಯೆಂಬ ಗೌರವವೂ ಅವರಿಗೇ ಸಂದಿತು. ಕಾವೇರಿಯ ಬಯಲಿನ ಈ ಇಬ್ಬರು ಯುವಕ ಯುವತಿಯರು ಪ್ರಪಂಚದ ಮೊದಲ ಕಪ್ಪಿಗೆ ಕೈಹಾಕಿದರೆಂದು ಓದಿದಾಗ ನಮಗೆಲ್ಲ ಆದ ಸಂತೋಷ ಅಷ್ಟಿಷ್ಟಲ್ಲ.

ಅನಂತರ ನಡೆದುದೇ ಈ ಲೇಖನಕ್ಕೆ ಕಾರಣ. ರಾಜ್ಯದ ಮುಖ್ಯಮಂತ್ರಿಗಳು ಇಬ್ಬರನ್ನೂ ಅಭಿನಂದಿಸಿ ತಲಾ ಐದು ಲಕ್ಷ ರೂಪಾಯಿಗಳ ಬಹುಮಾನವನ್ನು ಘೋಷಿಸಿದರು. ಇಬ್ಬರೂ ಅದನ್ನು ವಿನಯದಿಂದಲೇ ಬೇಡವೆಂದರು. ನೆರೆಯ ಮಹಾರಾಷ್ಟ್ರವು ಅದೇ ತಂಡದಲ್ಲಿ ಆಡಿದ ತನ್ನ ಆಟಗಾರರಿಗೆ ತಲಾ ಎರಡೂಕಾಲು ಕೋಟಿ ರೂಪಾಯಿಗಳನ್ನೂ, ಸರ್ಕಾರಿ ಉದ್ಯೋಗವನ್ನೂ ಕೊಡುತ್ತಿರುವುದನ್ನು ಅವರು ಎತ್ತಿ ತೋರಿಸಿದರು.

ಕೂಡಲೇ ಜನರ ಬಾಯಿ ಎರಡಾಯಿತು. “ಸರಿಯಾಗಿಯೇ ಹೇಳಿದರು” ಎಂದವರು ಕೆಲವರು. “ಕೊಟ್ಟುದನ್ನು ತೆಗೆದುಕೊಳ್ಳದೆ ಚೌಕಾಶಿ ಮಾಡುವುದೆ? ದೇಶಕ್ಕಾಗಿ ಆಡಿದವರಿಗೆ ಹಣದ ಮಾತೇಕೆ?” ಎಂದವರು ಹಲವರು. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿಯೂ ಒಂದು ವಾರ ಇದೇ ಚರ್ಚೆ. ಅವರಿಬ್ಬರೂ ಮಾಡಿದುದು ಸರಿ ಎಂಬ ಪಕ್ಷ ನನ್ನದು. ಆದರೆ ಅದಕ್ಕೆ ನಾನು ಕೊಡುವ ಕಾರಣ ಐದು ಲಕ್ಷ ಚಿಕ್ಕದು, ಎರಡೂಕಾಲು ಕೋಟಿ ದೊಡ್ಡದು ಎಂಬುದಲ್ಲ.

ಐದು ಲಕ್ಷವೇನು ಸಣ್ಣ ಮೊತ್ತವಲ್ಲ. ಒಂದೆರಡು ಎಕರೆ ಕಬ್ಬು ಬೆಳೆಯುವ ನಮ್ಮ ರೈತನ ಮನೆಗೆ ಅದು ಹಳೆಯ ಸಾಲ ತೀರಿಸುವ ಹಣ, ಮಗಳ ಮದುವೆ ಮಾಡುವ ಹಣ. ನಾನು ಹೇಳುವುದಿಷ್ಟೆ: ಬಹುಮಾನ ಎಷ್ಟೇ ಇರಲಿ, ಅದು ಒಂದು ಸಲ ಬಂದು ಹೋಗುವ ಮಳೆ. ಬೆಳೆಗೆ ಬೇಕಾದುದು ನಾಲೆಯ ನೀರು. ವಿಶ್ವೇಶ್ವರಯ್ಯ ನಾಲೆ ಬರುವುದಕ್ಕೆ ಮುಂಚೆ ಈ ಸೀಮೆಯವರೂ ಆಕಾಶವನ್ನೇ ನೋಡಿಕೊಂಡಿದ್ದರು. ನಾಲೆ ಬಂದ ಮೇಲೆ ತಾನೇ ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳು ಗದ್ದೆಗಳಾದದ್ದು? ನಮ್ಮ ಆಟಗಾರರು ಇನ್ನೂ ಆಕಾಶ ನೋಡುವ ಬೇಸಾಯದಲ್ಲಿಯೇ ಇದ್ದಾರೆ. ಗೆದ್ದರೆ ಮಳೆ, ಇಲ್ಲದಿದ್ದರೆ ಬರ.

ಆಟಗಾರನ ಬಾಳು ಎಷ್ಟು ಕಿರಿದೆಂಬುದನ್ನು ನಾವು ಆಲೋಚಿಸುವುದಿಲ್ಲ. ವಕೀಲನಿಗೆ ನಲವತ್ತರಲ್ಲಿ ಹೆಸರು ಬರುತ್ತದೆ. ಅಧ್ಯಾಪಕರಿಗೆ ಐವತ್ತರಲ್ಲಿ ಪಾಂಡಿತ್ಯ ಮಾಗುತ್ತದೆ. ಖೋ ಖೋ ಆಡುವವನಿಗೆ, ಕಬಡ್ಡಿ ಆಡುವವನಿಗೆ ಹದಿನೆಂಟರಿಂದ ಮೂವತ್ತರೊಳಗೆ ಎಲ್ಲವೂ ಮುಗಿಯಬೇಕು. ಈ ಹನ್ನೆರಡು ವರ್ಷಗಳೇ ಪದವಿ ಪಡೆಯಬೇಕಾದ ವರ್ಷಗಳು, ಕೆಲಸ ಹುಡುಕಬೇಕಾದ ವರ್ಷಗಳು, ತಂಗಿಯ ಮದುವೆಗೆ ಅಣ್ಣನು ಹೆಗಲು ಕೊಡಬೇಕಾದ ವರ್ಷಗಳು. ಹೀಗಿರುವಲ್ಲಿ ಆಟಕ್ಕೂ ಹೊಟ್ಟೆಗೂ ಜಗಳ ತಪ್ಪಿದ್ದಲ್ಲ. ಆ ಜಗಳದಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಹೊಟ್ಟೆಯೇ.

ನಮ್ಮ ಸೀಮೆಯಲ್ಲಿ ಆಟಕ್ಕೆ ಬರವಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಸುಗ್ಗಿ ಮುಗಿದ ಮೇಲೆ ಮಂಡ್ಯದ ಸುತ್ತ, ಮದ್ದೂರಿನ ಹೋಬಳಿಗಳಲ್ಲಿ, ಮಳವಳ್ಳಿಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುತ್ತವೆ. ಹದ ಮಾಡಿದ ಕೆಮ್ಮಣ್ಣಿನ ಅಂಕಣ, ನಾಲ್ಕು ಮೂಲೆಗೆ ದೀಪದ ಕಂಬ, ಸುತ್ತಲೂ ಮರ ಮಾಳಿಗೆಗಳ ಮೇಲೆ ಕುಳಿತ ಜನ. ಗೆದ್ದ ತಂಡಕ್ಕೆ ಕಪ್ಪು, ನಗದು, ಕೆಲವು ಊರುಗಳಲ್ಲಿ ಒಂದು ಟಗರು. ಅಲ್ಲಿ ಬರಿಗಾಲಿನಲ್ಲಿ ಆಡುವ ಹುಡುಗರ ಚುರುಕನ್ನು ನೋಡಿದರೆ ದೂರದರ್ಶನದಲ್ಲಿ ಕಾಣುವ ಆಟಗಾರರೇನೂ ಹೆಚ್ಚಿನವರಲ್ಲವೆನಿಸುತ್ತದೆ. ಹಾಗಾದರೆ ಇವರು ಅಲ್ಲಿಗೆ ಏಕೆ ಹೋಗಿ ಸೇರುವುದಿಲ್ಲ?

ನಾನು ಕಂಡ ಒಬ್ಬನ ಸಂಗತಿಯನ್ನು ಹೇಳುತ್ತೇನೆ. ಹೆಸರು ಬೇಡ, ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯವನು, ನನಗಿಂತ ಎರಡು ವರ್ಷ ಹಿರಿಯ. ದಾಳಿಗೆ ಇಳಿದನೆಂದರೆ ಎದುರಾಳಿಗಳು ನಾಲ್ವರಿದ್ದರೂ ಗೆರೆ ಮುಟ್ಟಿ ಬರುತ್ತಿದ್ದ. ವಿಶ್ವವಿದ್ಯಾನಿಲಯದ ತಂಡಕ್ಕೂ ಆಯ್ಕೆಯಾದ. ಒಂದು ಪಂದ್ಯದಲ್ಲಿ ಮೊಣಕಾಲು ತಿರುಚಿತು. ಊರಿನಲ್ಲಿ ಎಣ್ಣೆ ಹಚ್ಚಿ ಕಟ್ಟು ಕಟ್ಟಿದರು. ಮಂಡಿಯೊಳಗಿನ ಕಟ್ಟು ಹರಿದಿದೆಯೆಂದು ತಿಳಿಯುವಷ್ಟರಲ್ಲಿ ಆರು ತಿಂಗಳಾಗಿತ್ತು. ಶಸ್ತ್ರಚಿಕಿತ್ಸೆಗೆ ಹಣವಿರಲಿಲ್ಲ, ಪಂದ್ಯಗಳಿಗೆ ಹೋದ ದಿನಗಳಿಂದ ಹಾಜರಿ ಕಡಿಮೆಯಾಗಿ ಪರೀಕ್ಷೆಗೂ ಕೂರಲಿಲ್ಲ. ಅವನ ತಂದೆ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಆಟ ಆಡ್ಕಂಡು ಹೊಟ್ಟೆ ತುಂಬ್ಸಕಾಯ್ತದ್ಲಾ ಮಗ?” ಆ ಪ್ರಶ್ನೆಗೆ ಅವನ ಹತ್ತಿರವೂ ಉತ್ತರವಿರಲಿಲ್ಲ, ಪಕ್ಕದಲ್ಲಿದ್ದ ನನ್ನ ಹತ್ತಿರವೂ ಇರಲಿಲ್ಲ. ಅವನು ಈಗ ಬೆಂಗಳೂರಿನಲ್ಲಿ ಮನೆಮನೆಗೆ ಪೊಟ್ಟಣ ಮುಟ್ಟಿಸುವ ಕೆಲಸದಲ್ಲಿದ್ದಾನೆ. ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆ ಮೊಣಕಾಲಿಗೆ ಸಕಾಲದಲ್ಲಿ ಒಬ್ಬ ವೈದ್ಯರು ದೊರಕಿದ್ದರೆ ಕತೆ ಬೇರೆಯಾಗಬಹುದಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಇದಕ್ಕೆ ಎದುರಾಗಿ ಇನ್ನೊಂದು ಮೊಣಕಾಲಿನ ಸಂಗತಿಯನ್ನು ನೋಡಿ. ಪ್ರೊ ಕಬಡ್ಡಿ ಲೀಗಿನ ಪ್ರಸಿದ್ಧ ದಾಳಿಗಾರ ಪವನ್ ಸೆಹ್ರಾವತ್ ಅವರನ್ನು ೨೦೨೨ರಲ್ಲಿ ತಮಿಳು ತಲೈವಾಸ್ ತಂಡವು ೨.೨೬ ಕೋಟಿ ರೂಪಾಯಿಗಳಿಗೆ ಕೊಂಡಿತು. ಮೊದಲನೆಯ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಆ ವರ್ಷವಿಡೀ ಅವರು ಆಡಲಾಗಲಿಲ್ಲ. ಆದರೂ ಮರುವರ್ಷ, ೨೦೨೩ರಲ್ಲಿ, ತೆಲುಗು ಟೈಟನ್ಸ್ ತಂಡವು ಅವರನ್ನು ೨.೬೦ ಕೋಟಿಗೂ ಮಿಕ್ಕ ಬೆಲೆಗೆ ಹರಾಜಿನಲ್ಲಿ ಕೊಂಡಿತು. ಪೆಟ್ಟು ಇಬ್ಬರಿಗೂ ಮೊಣಕಾಲಿಗೇ. ಒಬ್ಬರು ಮೇಲೇರಿದರು, ಒಬ್ಬನು ಆಟದಿಂದಲೇ ಹೋದನು. ಸೆಹ್ರಾವತ್ ಅವರ ಆಟ ದೊಡ್ಡದು, ಅದರಲ್ಲಿ ವಾದವಿಲ್ಲ. ಆದರೆ ಅವರ ಬೆನ್ನ ಹಿಂದೆ ವೈದ್ಯರಿದ್ದರು, ವಿರಾಮವಿತ್ತು, ಆ ಒಂದು ವರ್ಷ ಉಂಡುಟ್ಟು ಕಾಯುವ ಅನುಕೂಲವಿತ್ತು. ನಮ್ಮ ಹುಡುಗನಿಗೆ ಅದಾವುದೂ ಇರಲಿಲ್ಲ. ಆಟಗಾರನನ್ನು ಉಳಿಸುವುದು ಅಥವಾ ಅಳಿಸುವುದು ಅನೇಕ ವೇಳೆ ಹೀಗೆ ಕಾಯುವ ಆ ಒಂದು ವರ್ಷವೇ.

“ಈಗ ಲೀಗುಗಳು ಬಂದಿವೆ, ಪ್ರತಿಭೆಯಿದ್ದವರಿಗೆ ಹಣದ ಹೊಳೆಯೇ ಹರಿಯುತ್ತಿದೆ” ಎಂದು ಕೆಲವರು ಹೇಳುವುದುಂಟು. ೨೦೧೪ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಹರಾಜಿನ ಅತ್ಯಧಿಕ ಬೆಲೆ ೧೨.೮೦ ಲಕ್ಷ ರೂಪಾಯಿ. ಒಂಬತ್ತು ವರ್ಷಗಳಲ್ಲಿ ಅದು ಎರಡೂವರೆ ಕೋಟಿಯನ್ನು ದಾಟಿತು. ಇದು ಒಳ್ಳೆಯ ಸುದ್ದಿಯೇ. ಆದರೆ ಹೊಳೆ ಎಲ್ಲಿ ಹರಿಯುತ್ತಿದೆಯೆಂದು ನೋಡಬೇಡವೆ? ನಮ್ಮ ರಾಜ್ಯದ ಹೆಸರಿನ ಬೆಂಗಳೂರು ಬುಲ್ಸ್ ತಂಡ ೨೦೧೯ರ ಜನವರಿಯಲ್ಲಿ ಗುಜರಾತ್ ತಂಡವನ್ನು ೩೮–೩೩ರಿಂದ ಸೋಲಿಸಿ ಕಪ್ಪು ಗೆದ್ದಾಗ ನಾವು ಪಟಾಕಿ ಹೊಡೆದೆವು. ತಂಡದ ನಾಯಕರು ಉತ್ತರದವರು, ತರಬೇತುದಾರರೂ ಉತ್ತರದವರು, ಆ ರಾತ್ರಿ ೨೨ ಅಂಕ ತಂದ ಸೆಹ್ರಾವತ್ ಅವರೂ ಉತ್ತರದವರೇ. ಅವರು ಶ್ರಮಪಟ್ಟು ಗೆದ್ದರು; ಅದಕ್ಕೆ ಅಸೂಯೆ ಸಲ್ಲದು. ಆದರೆ ನಮ್ಮ ಮಣ್ಣಿನ ಅಂಕಣದಿಂದ ಆ ಚಾಪೆಯ ಅಂಕಣಕ್ಕೆ ಏಣಿಯನ್ನು ಹಾಕಿದವರಾರು? ನಮ್ಮವರೇ ಆದ ಬಿ. ಸಿ. ರಮೇಶ್ ಅವರು ೨೦೧೯ರಲ್ಲಿ ಬಂಗಾಳದ ತಂಡಕ್ಕೂ, ೨೦೨೪ರಲ್ಲಿ ಪುಣೆಯ ತಂಡಕ್ಕೂ ತರಬೇತಿಯಿತ್ತು ಕಪ್ಪು ಗೆಲ್ಲಿಸಿಕೊಟ್ಟರು. ಕಲಿಸಬಲ್ಲವರು ನಮ್ಮಲ್ಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಖೋ ಖೋ ಆಟದ ಪಾಡಂತೂ ಇನ್ನೂ ಕಿರಿದು. ೨೦೨೨ರಲ್ಲಿ ಅಲ್ಟಿಮೇಟ್ ಖೋ ಖೋ ಎಂಬ ಲೀಗು ಪುಣೆಯಲ್ಲಿ ಆರಂಭವಾಯಿತು; ಎರಡನೆಯ ಸಲ ೨೦೨೩ರ ಡಿಸೆಂಬರಿನಿಂದ ೨೦೨೪ರ ಜನವರಿಯವರೆಗೆ ಕಟಕ್‌ನಲ್ಲಿ ನಡೆಯಿತು. ಆಡಿದ ತಂಡಗಳು ಆರು: ಚೆನ್ನೈ, ಗುಜರಾತ್, ಮುಂಬಯಿ, ಒಡಿಶಾ, ರಾಜಸ್ಥಾನ, ತೆಲುಗು. ಈ ಪಟ್ಟಿಯಲ್ಲಿ ಕರ್ನಾಟಕದ ಹೆಸರಿರಲಿಲ್ಲ. ಎರಡು ಸಲವೂ ಪಂದ್ಯಗಳು ನಡೆದುದು ಸುಮಾರು ಮೂರೇ ವಾರ. ವರ್ಷದಲ್ಲಿ ಐವತ್ತೆರಡು ವಾರಗಳಿವೆ. ಮೂರು ವಾರದ ಸಂಬಳದಿಂದ ಉಳಿದ ನಲವತ್ತೊಂಬತ್ತು ವಾರ ಓಟವನ್ನು ಅಭ್ಯಾಸ ಮಾಡುವುದಾದರೂ ಹೇಗೆ? ಇಂತಹ ಸ್ಥಿತಿಯಿಂದ ಮೇಲೆದ್ದು ವಿಶ್ವಕಪ್ಪಿನವರೆಗೆ ಹೋದವರು “ನಮಗೊಂದು ನೆಲೆ ಬೇಕು” ಎಂದರೆ ಅದನ್ನು ಆಶೆಬುರುಕತನವೆನ್ನುವುದು ನ್ಯಾಯವಲ್ಲ.

ಇಲ್ಲಿ ದೂರದ ದೇಶವೊಂದರ ಉದಾಹರಣೆಯನ್ನು ಕೊಡಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ. ನೆರೆಯ ಶ್ರೀಮಂತನ ಎದುರಿಗೆ ತನ್ನ ಹುಡುಗರನ್ನು ಉಳಿಸಿಕೊಳ್ಳುವ ಪ್ರಶ್ನೆ ನಮ್ಮೊಬ್ಬರದೇ ಅಲ್ಲವೆಂದು ಅದರಿಂದ ತಿಳಿಯುತ್ತದೆ. ಕೆನಡ ದೇಶದಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದೆಯುವ ಚೆಂಡಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಕಡೆಗೆ ಹನ್ನೆರಡು ಮಂದಿ. ಅವರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬಾತನೇ ಸೂತ್ರಧಾರ. ಚೆಂಡು ಮೊದಲು ಅವನ ಕೈಗೆ ಬರುತ್ತದೆ, ಅದು ಎಲ್ಲಿಗೆ ಹೋಗಬೇಕೆಂದು ಅವನೇ ಕ್ಷಣದಲ್ಲಿ ನಿಶ್ಚಯಿಸಬೇಕು. ಪಕ್ಕದಲ್ಲಿಯೇ ಅಮೆರಿಕಾ. ಅಲ್ಲಿಯ ಲೀಗು ಭಾರಿ ಶ್ರೀಮಂತ. ಅಲ್ಲಿ ಸ್ಥಾನ ಸಿಗದ ಆಟಗಾರರು ಗುಂಪಾಗಿ ಕೆನಡಕ್ಕೆ ಬರುತ್ತಾರೆ. ಹೀಗಾದರೆ ಸ್ವದೇಶದ ಹುಡುಗರಿಗೆ ಜಾಗವೆಲ್ಲಿ? ಅದಕ್ಕಾಗಿ ಕೆನಡದವರು ಒಂದು ನಿಯಮ ಮಾಡಿಕೊಂಡರು: ಪ್ರತಿಯೊಂದು ತಂಡದಲ್ಲಿ, ಆರಂಭಕ್ಕಿಳಿಯುವವರಲ್ಲಿ, ಇಷ್ಟು ಮಂದಿ ಕೆನಡದವರು ಇರಲೇಬೇಕು.

ಆ ನಿಯಮದಲ್ಲಿ ಒಂದು ಬಿರುಕಿತ್ತು. ಬಹುಕಾಲದವರೆಗೆ ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದರು. ಪರಿಣಾಮವೇನಾಯಿತು? ಮಿಕ್ಕ ಸ್ಥಾನಗಳಲ್ಲಿ ಕೆನಡದ ಹುಡುಗರು ಬೆಳೆದರು. ಆ ಒಂದು ಸ್ಥಾನದಲ್ಲಿ ಮಾತ್ರ ಅಪರೂಪವಾದರು. ಹಿಂದೆ ರಸ್ ಜಾಕ್ಸನ್ ಎಂಬ ಸ್ವದೇಶಿ ಕ್ವಾರ್ಟರ್‌ಬ್ಯಾಕ್ ಇದ್ದರು. ೧೯೫೮ರಿಂದ ೧೯೬೯ರವರೆಗೆ ಒಟ್ಟಾವ ತಂಡಕ್ಕೆ ಆಡಿ, ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರರೆನಿಸಿಕೊಂಡರು. ೧೯೬೦, ೧೯೬೮, ೧೯೬೯ರಲ್ಲಿ ತಂಡಕ್ಕೆ ಗ್ರೇ ಕಪ್ಪನ್ನು ತಂದುಕೊಟ್ಟರು. ಇಷ್ಟು ದೊಡ್ಡ ಆಟಗಾರರ ವೃತ್ತಿ ಏನೆಂದು ಬಲ್ಲಿರಾ? ಶಾಲೆಯಲ್ಲಿ ಗಣಿತದ ಉಪಾಧ್ಯಾಯರು, ಮುಂದೆ ಮುಖ್ಯೋಪಾಧ್ಯಾಯರಾದರು. ಬೆಳಗ್ಗೆ ಲೆಕ್ಕದ ಪಾಠ, ಸಂಜೆ ಚೆಂಡು. ಆಟ ಕೈಕೊಟ್ಟರೆ ಬಾಳು ಮುಳುಗುವುದೆಂಬ ಭಯ ಅವರಿಗಿರಲಿಲ್ಲ. ಆಟವನ್ನು ಧೈರ್ಯವಾಗಿ ಆಡುವುದಕ್ಕೆ ಆ ನಿರ್ಭಯವೂ ಒಂದು ಬಲವಲ್ಲವೆ?

ನಮ್ಮ ಕಾಲದಲ್ಲಿ ನೇಥನ್ ರೂರ್ಕ್ ಎಂಬ ಕೆನಡದ ತರುಣ ಅದೇ ಸ್ಥಾನಕ್ಕಾಗಿ ಹೋರಾಡಿದರು. ೨೦೨೨ರಲ್ಲಿ ಬ್ರಿಟಿಷ್ ಕೊಲಂಬಿಯ ಲಯನ್ಸ್ ತಂಡದಲ್ಲಿ ಮಿಂಚುತ್ತಿದ್ದಾಗಲೇ ಆಗಸ್ಟ್ ತಿಂಗಳಲ್ಲಿ ಪಾದಕ್ಕೆ ಪೆಟ್ಟಾಯಿತು. ಚೇತರಿಸಿಕೊಂಡು ಅಮೆರಿಕಾಕ್ಕೆ ಹೋದರು. ಸುಮಾರು ಒಂದೂವರೆ ವರ್ಷದಲ್ಲಿ ನಾಲ್ಕು ತಂಡಗಳ ಬಾಗಿಲು ಹತ್ತಿಳಿದರು, ಎಲ್ಲಿಯೂ ನೆಲೆ ನಿಲ್ಲಲಿಲ್ಲ. ೨೦೨೪ರ ಆಗಸ್ಟಿನಲ್ಲಿ ತಮ್ಮ ಹಳೆಯ ತಂಡಕ್ಕೇ ಮರಳಿದರು. ೨೦೨೫ರಲ್ಲಿ ಲೀಗಿನ ಅತ್ಯುತ್ತಮ ಆಟಗಾರರೆಂಬ ಪ್ರಶಸ್ತಿ ಅವರದಾಯಿತು. ಆ ತರುಣನ ಛಲ ಮೆಚ್ಚತಕ್ಕದ್ದೇ. ಆದರೆ ಛಲದ ಜೊತೆಗೆ ಇನ್ನೊಂದೂ ಇತ್ತು: ಸೋತು ಬಂದಾಗ ಮರಳುವುದಕ್ಕೆ ಒಂದು ಮನೆ. ನಮ್ಮ ಹುಡುಗರಲ್ಲಿ ಛಲಕ್ಕೆ ಕಡಮೆಯಿಲ್ಲ. ಇಲ್ಲದಿರುವುದು ಆ ಮನೆ.

ಕೆನಡದವರೆಗೆ ಹೋಗುವುದು ಬೇಡ. ನಮ್ಮಲ್ಲಿಯೂ ಆ ಮನೆಯನ್ನು ಕಟ್ಟಿದ್ದವರಿದ್ದರು. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಸಾರ್ವಜನಿಕ ಕಾರ್ಖಾನೆಗಳು, ಬ್ಯಾಂಕುಗಳು, ರೈಲ್ವೆ, ಪೊಲೀಸ್ ಇಲಾಖೆ ಇವೆಲ್ಲ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ತಮ್ಮವೇ ತಂಡಗಳನ್ನು ಸಾಕಿದವು. ಬೆಳಗ್ಗೆ ಅಭ್ಯಾಸ, ಹಗಲು ಕೆಲಸ, ಪಂದ್ಯವಿದ್ದಾಗ ರಜೆ, ಆಟ ಮುಗಿದ ಮೇಲೂ ನಿಲ್ಲದ ಸಂಬಳ. ಕಾರ್ಕಳದ ಕಡೆಯ ಮಮತಾ ಪೂಜಾರಿಯವರು ಭಾರತದ ಮಹಿಳಾ ಕಬಡ್ಡಿ ತಂಡದ ನಾಯಕಿಯಾಗಿ ೨೦೧೨ರಲ್ಲಿ ವಿಶ್ವಕಪ್ಪನ್ನೂ, ೨೦೧೦ ಮತ್ತು ೨೦೧೪ರ ಏಷ್ಯನ್ ಕ್ರೀಡೆಗಳ ಚಿನ್ನಗಳಲ್ಲಿ ಪಾಲನ್ನೂ ಪಡೆದು ೨೦೧೪ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಅವರಿಗೆ ಅನ್ನವಿಟ್ಟುದು ದಕ್ಷಿಣ ಮಧ್ಯ ರೈಲ್ವೆ. ಕರ್ನಾಟಕದ ಹೆಣ್ಣುಮಗಳು ಆಟವನ್ನು ಉಳಿಸಿಕೊಳ್ಳಲು ಸಿಕಂದರಾಬಾದಿನ ರೈಲ್ವೆಯನ್ನು ಆಶ್ರಯಿಸಬೇಕಾಯಿತು. ಇದು ಅವರಿಗೆ ಹೆಮ್ಮೆ, ನಮಗೆ ಪಾಠ. ಈಗ ಬ್ಯಾಂಕುಗಳು ಒಂದರೊಳಗೊಂದು ಸೇರಿಹೋದವು. ನಮ್ಮ ಮೈಸೂರು ಬ್ಯಾಂಕೇ ೨೦೧೭ರ ಏಪ್ರಿಲ್ ಒಂದರಂದು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಕಾರ್ಖಾನೆಗಳಲ್ಲಿ ಕಾಯಂ ಕೆಲಸಗಳು ಕರಗುತ್ತಿವೆ. ಹಳೆಯ ಮನೆ ಬಿದ್ದಲ್ಲಿ ಹೊಸದನ್ನು ಕಟ್ಟುವ ಹೊಣೆ ಯಾರದು?

ಇಷ್ಟೆಲ್ಲ ಹೇಳಿದ ಮೇಲೆ ಮಾಡಬೇಕಾದುದೇನೆಂದು ಹೇಳದಿದ್ದರೆ ಅದು ಬರಿಯ ಗೊಣಗಾಟವಾದೀತು. ನನ್ನ ಅಲ್ಪಮತಿಗೆ ತೋರಿದುದು ಇಷ್ಟು.

ಮೊದಲನೆಯದಾಗಿ, ಸರ್ಕಾರವು ಗೆದ್ದವರಿಗೆ ಕೊಡುವುದು ದಯೆಯಾಗಬಾರದು, ಕಟ್ಟಳೆಯಾಗಬೇಕು. ಒಲಿಂಪಿಕ್ ಕ್ರೀಡೆಗಳ ಪದಕಕ್ಕೆ ಕೋಟಿಗಳ ಲೆಕ್ಕದಲ್ಲಿ ಬಹುಮಾನ ನಿಗದಿಯಾಗಿದೆ. ಒಲಿಂಪಿಕ್ಸಿನಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ನಮ್ಮ ಮಣ್ಣಿನ ಆಟಗಳು ಕಟ್ಟಳೆಯ ಹೊರಗೆ ನಿಂತು ಆಯಾ ದಿನದ ಕೃಪೆಗೆ ಕೈಚಾಚಬೇಕೆ? ಯಾವ ಮಟ್ಟದ ಗೆಲುವಿಗೆ ಯಾವ ದರ್ಜೆಯ ಉದ್ಯೋಗ ಎಂಬುದು ಮುಂಚಿತವಾಗಿಯೇ ಬರೆದಿರಲಿ. ಆಗ ಆಟಗಾರನು ಯಾರ ಮುಂದೆಯೂ ನಿಂತು ಹೋಲಿಕೆಯ ಮಾತಾಡಬೇಕಾಗಿಲ್ಲ, ಮಂತ್ರಿಗಳಿಗೂ ಮುಜುಗರವಿಲ್ಲ. ಒಂದು ಕೋಟಿಯ ಬಹುಮಾನಕ್ಕಿಂತ, ಅಭ್ಯಾಸಕ್ಕೆ ರಜೆ ಕೊಡುವ ಒಂದು ಸಾಧಾರಣ ಕೆಲಸ ಮೇಲೆಂದೇ ನಾನು ನಂಬುತ್ತೇನೆ. ಕೋಟಿ ಗೆದ್ದವರಿಗೆ ಮಾತ್ರ ಸಿಕ್ಕೀತು. ಕೆಲಸವು ಗೆಲ್ಲುವುದಕ್ಕೆ ಮುಂಚೆಯೇ ಕೈಹಿಡಿದೀತು.

ಎರಡನೆಯದಾಗಿ, ಪೆಟ್ಟಿನ ಚಿಕಿತ್ಸೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅದರ ಆಸ್ಪತ್ರೆ ಇದೆ. ಜಿಲ್ಲೆಯ ಕಾಲೇಜು ತಂಡಗಳ ಆಟಗಾರರಿಗೆ ವಾರಕ್ಕೊಂದು ಹೊತ್ತು ಮೂಳೆ ಕೀಲುಗಳ ಪರೀಕ್ಷೆಗೆಂದು ಮೀಸಲಿಟ್ಟರೆ ಆಗುವ ವೆಚ್ಚವೆಷ್ಟು? ಉಳಿಯುವ ಮೊಣಕಾಲುಗಳೆಷ್ಟು!

ಮೂರನೆಯದಾಗಿ, ರಾಜ್ಯದ ಹೆಸರನ್ನು ಇಟ್ಟುಕೊಂಡ ತಂಡಗಳಲ್ಲಿ ರಾಜ್ಯದ ತರುಣರಿಗೆ ಕೆಲವಾದರೂ ಸ್ಥಾನಗಳು ಇರಲೇಬೇಕೆಂಬ ನಿಯಮ. ಎಲ್ಲ ಸ್ಥಾನಗಳೂ ನಮಗೇ ಬೇಕೆಂದು ನಾನು ಕೇಳುವುದಿಲ್ಲ. ಆಟ ಬೆಳೆಯುವುದು ಒಳ್ಳೆಯವರ ಜೊತೆ ಆಡಿದಾಗಲೇ. ಕೆನಡದ ಕತೆ ಹೇಳುವುದೂ ಇದನ್ನೇ: ಜಾಗ ಇಟ್ಟ ಕಡೆ ಹುಡುಗರು ಬೆಳೆದರು, ಜಾಗ ಇಡದ ಕಡೆ ಅಳಿದರು.

ನಾಲ್ಕನೆಯ ಮಾತು ನಮ್ಮ ಕಾಲೇಜುಗಳಿಗೆ. ಪೂಜ್ಯ ಅಧ್ಯಾಪಕ ವರ್ಗದವರಲ್ಲಿ ಇದನ್ನು ಅರಿಕೆಯಾಗಿ ಸಲ್ಲಿಸುತ್ತೇನೆ. ವಿಶ್ವವಿದ್ಯಾನಿಲಯದ ತಂಡಕ್ಕೆ ಆಡಲು ಹೋದ ದಿನವನ್ನು ಗೈರುಹಾಜರಿಯೆಂದು ಎಣಿಸಿ, ಶೇಕಡ ೭೫ ತುಂಬಲಿಲ್ಲವೆಂದು ಪರೀಕ್ಷೆಗೆ ತಡೆದರೆ, ಆಟಗಾರನ ಕೈಯಿಂದ ಆಟವನ್ನೂ ಪದವಿಯನ್ನೂ ಒಟ್ಟಿಗೆ ಕಿತ್ತುಕೊಂಡಂತೆ. ಹಾಗೆ ತಪ್ಪಿದ ಪಾಠಗಳನ್ನು ರಜೆಯಲ್ಲಿ ಒಂದು ವಾರ ಹೇಳಿಕೊಡುವ ಏರ್ಪಾಡಾದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಇನ್ನು ಹುಡುಗಿಯರ ವಿಷಯ. ೨೦೨೩ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತವಾಯಿತು. ಇದರಿಂದ ಕಾಲೇಜಿಗೆ ಬರುವವರಿಗೆ ಬಹಳ ಅನುಕೂಲವಾಯಿತು. ಆದರೆ ನಾಲ್ಕು ಗಂಟೆಗೆ ತರಗತಿ ಮುಗಿಸಿ, ಆರರವರೆಗೆ ಮೈದಾನದಲ್ಲಿ ನಿಂತರೆ, ಹಳ್ಳಿಗೆ ಹೋಗುವ ಕಡೆಯ ಬಸ್ಸು ಆಗಲೇ ಹೊರಟಿರುತ್ತದೆ. ಟಿಕೆಟ್ಟಿಗೆ ಹಣ ಬೇಡ, ಬಸ್ಸೇ ಇಲ್ಲ! ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ಬದಲಾಯಿಸಬಹುದು. ಇಲ್ಲವೇ ಹಾಸ್ಟೆಲಿನಲ್ಲಿ ಆಟಗಾರ್ತಿಯರಿಗೆ ನಾಲ್ಕು ಸ್ಥಾನಗಳನ್ನು ಬಿಟ್ಟುಕೊಡಬಹುದು. ಮನಸ್ಸಿದ್ದರೆ ಇವಾವುವೂ ಅಸಾಧ್ಯವಲ್ಲ.

ಕಡೆಯ ಮಾತು ನಮ್ಮವರೇ ಆದ ಆಟಗಾರ ಗೆಳೆಯ ಗೆಳತಿಯರಿಗೆ. ಹಕ್ಕನ್ನು ಕೇಳುವವರು ಹೊಣೆಯನ್ನೂ ಹೊರಬೇಕು. ಕಪ್ಪು ಗೆದ್ದ ಅಮಲಿನಲ್ಲಿ ಪುಸ್ತಕವನ್ನು ಮೂಲೆಗೆ ಎಸೆಯುವ ಚಾಳಿ ನಮ್ಮಲ್ಲಿಲ್ಲದೆ ಇಲ್ಲ. “ನಾನು ಆಟಗಾರ, ನನಗೇಕೆ ಇತಿಹಾಸದ ಪಾಠ?” ಎಂದು ಕೇಳುವವರನ್ನು ನಾನು ಬಲ್ಲೆ. ಮೂವತ್ತನೆಯ ವಯಸ್ಸಿನಲ್ಲಿ ಕಾಲು ಸೋತಾಗ ಆ ಇತಿಹಾಸದ ಪಾಠವೇ ಅನ್ನವಾಗಬಹುದು. ಸರ್ಕಾರಿ ಕೆಲಸಕ್ಕೆ ಕ್ರೀಡಾಪಟುಗಳ ಮೀಸಲಾತಿ ಇದ್ದರೂ ಪದವಿಯಿಲ್ಲದವನಿಗೆ ಅದರ ಬಾಗಿಲು ಅರ್ಧವೇ ತೆರೆಯುತ್ತದೆ. ಗಣಿತದ ಉಪಾಧ್ಯಾಯರು ಮೂರು ಗ್ರೇ ಕಪ್ಪುಗಳನ್ನು ಗೆಲ್ಲಬಹುದಾದರೆ, ನಮ್ಮ ಬಿ.ಎ. ತರಗತಿಯ ಹುಡುಗನೊಬ್ಬ ಖೋ ಖೋ ಕಂಬವನ್ನೂ ಪದವಿಯನ್ನೂ ಒಟ್ಟಿಗೆ ಮುಟ್ಟಲಾರನೆ?

“ಆಟವೆಂದರೆ ಆಟ, ಅದರಲ್ಲಿ ಲಾಭವನ್ನು ಅರಸುವುದು ಆಟದ 'ಧರ್ಮ'ಕ್ಕೇ ಕುಂದು” ಎಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಸಂಜೆಯ ಹೊತ್ತು ಮೈ ಬೆವರಿಸುವುದಕ್ಕೆ ಆಡುವವರಿಗೆ ಹಣದ ಮಾತು ಬೇಕಾಗಿಲ್ಲ. ನಾನೂ ಆ ಗುಂಪಿನವನೇ. ಆದರೆ ನಾಡಿನ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ಆಡಲು ಕಳುಹಿಸುವಾಗ ಅದು ಆಟವಷ್ಟೇ ಅಲ್ಲ, ನಾಡಿನ ಕೆಲಸ. ನಾಡಿನ ಕೆಲಸ ಮಾಡುವ ಸೈನಿಕನಿಗೆ, ಗುಮಾಸ್ತನಿಗೆ, ಉಪಾಧ್ಯಾಯನಿಗೆ ಸಂಬಳ ಕೊಟ್ಟರೆ ಅವರ ಸೇವೆಗೆ ಕುಂದು ಬರಲಿಲ್ಲ. ಆಟಗಾರನೊಬ್ಬನೇ ಗಾಳಿ ಕುಡಿದು ಬದುಕಬೇಕೆಂಬುದು ಯಾವ ನ್ಯಾಯ?

ಆದುದರಿಂದ, ಐದು ಲಕ್ಷವನ್ನು ಬೇಡವೆಂದ ಆ ಇಬ್ಬರನ್ನು ನಾನು ಅಹಂಕಾರಿಗಳೆಂದು ತಿಳಿಯುವುದಿಲ್ಲ. ತಮ್ಮ ಕೈಗೆ ಬಂದುದನ್ನು ಬಿಟ್ಟು, ತಮ್ಮ ಹಿಂದೆ ಬರುವವರ ಪರವಾಗಿ ಒಂದು ಪ್ರಶ್ನೆಯನ್ನು ಅವರು ನಾಡಿನ ಮುಂದಿಟ್ಟರು. ಉತ್ತರಿಸಬೇಕಾದವರು ಸರ್ಕಾರದವರು ಮಾತ್ರವಲ್ಲ. ಪಂದ್ಯ ನೋಡಿ ಚಪ್ಪಾಳೆ ತಟ್ಟುವ ನಾವೂ ಹೌದು. ಖೋ ಖೋ ಆಟದ ಸೊಗಸಾದರೂ ಏನು? ಓಡುವವನು ದಣಿದಾಗ, ಕುಳಿತವನ ಬೆನ್ನು ಮುಟ್ಟಿ “ಖೋ” ಎನ್ನುತ್ತಾನೆ. ಕುಳಿತವನು ಆ ಕ್ಷಣವೇ ಎದ್ದು ಓಟವನ್ನು ಮುಂದುವರಿಸಬೇಕು. ಏಳದೆ ಕುಳಿತೇ ಇದ್ದರೆ ತಂಡ ಸೋತಂತೆಯೇ. ಓಡುವವರು ನಮ್ಮ ಬೆನ್ನು ಮುಟ್ಟಿ ಆಗಿದೆ. ಸಹಪಾಠಿಗಳೇ, ಇನ್ನು ಏಳುವ ಸರದಿ ನಮ್ಮದು.